ಒಗರು

ತರಗತಿಯಲ್ಲಿ ರಸದ ಮಾತು ಬಂದಾಗಲೆಲ್ಲ ನಾನು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಹಾಕುವುದುಂಟು. 'ಕಾವ್ಯದ ಒಂಬತ್ತು ರಸ ಹಾಗಿರಲಿ, ನಾಲಿಗೆಯ ಆರು ರಸಗಳನ್ನು ಹೇಳಿ ನೋಡೋಣ' ಎನ್ನುತ್ತೇನೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ ಎಂದು ಐದು ಸರಾಗವಾಗಿ ಬಂದುಬಿಡುತ್ತವೆ. ಆರನೆಯದಕ್ಕೆ ತರಗತಿ ಮೌನ ಧರಿಸುತ್ತದೆ. ಕೊನೆಗೆ ಹಿಂದಿನ ಬೆಂಚಿನಿಂದ ಯಾವನೋ ಹಳ್ಳಿಯ ಹುಡುಗ 'ಒಗರು ಸಾರ್' ಎನ್ನುತ್ತಾನೆ. ಅವನು ಎಳೆಯ ಸೀಬೆಕಾಯನ್ನು ಕದ್ದು ತಿಂದವನೇ ಇರಬೇಕು. ಇಂಗ್ಲಿಷಿನವರಿಗೆ ಇದಕ್ಕೆ ಶಾಸ್ತ್ರದ ಪದವುಂಟೇ ಹೊರತು ಅಡಿಗೆಮನೆಯ ಪದವಿಲ್ಲ. ನಮ್ಮವರಾದರೋ ಬಾಳೆಯ ಹೂವಿನಲ್ಲಿ, ನೆಲ್ಲಿಕಾಯಲ್ಲಿ, ಅಡಿಕೆಯಲ್ಲಿ ಅದನ್ನು ಗುರುತಿಸಿ, ರಸಗಳ ಪಂಕ್ತಿಯಲ್ಲಿಯೇ ಎಲೆ ಹಾಕಿ ಕೂರಿಸಿದ್ದಾರೆ. ಇಪ್ಪತ್ತು ವರ್ಷದಿಂದ ಹೀಗೆ ಪಾಠ ಹೇಳಿಕೊಂಡು ಬಂದ ನನಗೆ ಆ ಪದದ ಪೂರ್ಣಾರ್ಥ ಹೊಳೆದದ್ದು 2022ರ ನವೆಂಬರಿನಲ್ಲಿ, ಊರಿಗೆ ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರು ದೂರದಲ್ಲಿ, ನಮ್ಮ ಅಣ್ಣನ ಮನೆಯ ಊಟದ ಮೇಜಿನ ಮುಂದೆ.

ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. 1997ರಲ್ಲಿ ಕಂಪ್ಯೂಟರಿನ ಕೆಲಸಕ್ಕೆಂದು ಅಮೆರಿಕಕ್ಕೆ ಹೋದವನು ಕ್ಯಾಲಿಫೋರ್ನಿಯದ ಸನಿವೇಲ್ ಎಂಬ ಊರಿನಲ್ಲಿ ನೆಲೆ ನಿಂತ. ಆ ವರ್ಷ ಅವನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಮಗಳು ದೂರದಲ್ಲೆಲ್ಲೋ ಓದುತ್ತಿದ್ದಳು, ಅತ್ತಿಗೆಗೆ ಕೆಲಸ. 'ಮೂರು ತಿಂಗಳು ಬಂದು ಇರೋದಕ್ಕಾಗುತ್ತಾ?' ಎಂದು ಅತ್ತಿಗೆ ಫೋನಿನಲ್ಲಿ ಕೇಳಿದರು. ಅಣ್ಣ ಕೇಳಲಿಲ್ಲ. ನನಗೆ ಗಳಿಕೆ ರಜೆ ಬೇಕಾದಷ್ಟಿತ್ತು, ಹೊರಟೆ. ಮನಸ್ಸಿನಲ್ಲಿ ಅಳುಕಿರಲಿಲ್ಲವೆಂದು ಹೇಳಲಾರೆ. ಅದರ ಕಾರಣ ಮುಂದೆ ಬರುತ್ತದೆ. ಈಗ ಹಣ್ಣಿನ ವಿಚಾರ.

ಹೋದ ಮರುದಿನ ಬೆಳಗ್ಗೆ ಹಿತ್ತಲ ಕಿಟಕಿಯಿಂದ ನೋಡಿದೆ. ಪಕ್ಕದ ಮನೆಯ ಅಂಗಳದಲ್ಲಿ ಒಂದು ಮರ ನಿಂತಿದೆ. ಮೈಮೇಲೆ ಹೆಸರಿಗೂ ಒಂದು ಎಲೆಯಿಲ್ಲ. ಆದರೆ ಕೊಂಬೆ ಕೊಂಬೆಗೂ ಕೇಸರಿ ಬಣ್ಣದ ಹಣ್ಣು; ನೂರೋ ಇನ್ನೂರೋ ಎಣಿಸಿದವರಾರು? ನಮ್ಮಲ್ಲಿ ಅದು ಕಾರ್ತಿಕ ಮಾಸ. ದೇವಸ್ಥಾನದ ಮುಂದೆ ದೀಪದ ಕಂಬಕ್ಕೆ ಮೇಲಿಂದ ಕೆಳಗಿನವರೆಗೆ ಹಣತೆ ಹಚ್ಚಿದರೆ ಹೇಗೋ ಹಾಗಿತ್ತು. ಮರವೆಂದ ಮೇಲೆ ಎಲೆಯ ಮರೆಯಲ್ಲಿ ಹಣ್ಣನ್ನು ಬಚ್ಚಿಟ್ಟುಕೊಳ್ಳುವುದು ಮರ್ಯಾದೆ ಎಂದು ತಿಳಿದಿದ್ದ ನನಗೆ ಈ ಧಾರಾಳ ಆಶ್ಚರ್ಯವೆನಿಸಿತು.

'ಪರ್ಸಿಮನ್' ಎಂದರು ಅತ್ತಿಗೆ. ಭಾಷೆಯ ಮೇಷ್ಟ್ರಿಗೆ ಹಣ್ಣಿಗಿಂತ ಮೊದಲು ಹೆಸರು ಬೇಕು. ವಿಚಾರಿಸಲಾಗಿ ಅದು ಅಮೆರಿಕದ ಮೂಲನಿವಾಸಿಗಳ ಮಾತಿನಿಂದ ಬಂದದ್ದೆಂದೂ, ಆ ನೆಲದ ಕಾಡಿನ ಸಣ್ಣ ಜಾತಿಯೊಂದಕ್ಕೆ ಇದ್ದ ಹೆಸರನ್ನು ಜಪಾನಿನಿಂದ ಬಂದ ಈ ದೊಡ್ಡ ಹಣ್ಣಿಗೂ ಹಚ್ಚಿಬಿಟ್ಟರೆಂದೂ ತಿಳಿಯಿತು. ಜಪಾನಿನವರು ಕರೆಯುವುದು 'ಕಾಕಿ' ಎಂದು. 1870ರಲ್ಲಿ ಅಲ್ಲಿಯ ಸರ್ಕಾರದ ಕೃಷಿ ಇಲಾಖೆಯೇ ಜಪಾನಿನಿಂದ ಕಸಿಯ ಗಿಡಗಳನ್ನು ತರಿಸಿತಂತೆ. ನಮ್ಮ ದೇಶಕ್ಕೂ ಇದು ಹೊಸದಲ್ಲ. ಹಿಮಾಚಲದಲ್ಲಿ 'ಜಪಾನಿ ಫಲ' ಎಂದು ಬೆಳೆಯುತ್ತಾರೆ. ನಮಗೆ ಮಗ್ಗುಲಲ್ಲೇ ಇರುವ ನೀಲಗಿರಿಯ ಕೂನೂರಿನಲ್ಲಿಯೂ ಉಂಟು. ಕನ್ನಡದಲ್ಲಿ ಹೆಸರಿಲ್ಲವಲ್ಲ ಎಂದು ನಾನು ಪೇಚಾಡುತ್ತಿದ್ದಾಗಲೇ ಪಕ್ಕದ ಮನೆಯ ಅಜ್ಜಿ ಒಂದು ಬುಟ್ಟಿ ಹಣ್ಣನ್ನು ಬಾಗಿಲಲ್ಲಿಟ್ಟು ಹೋದರು. ಹನ್ನೆರಡು ಹಣ್ಣು. ಬುಡ ಅಗಲ, ತುದಿ ಚೂಪು. ಓಕಿನ ಕಾಯಿಯಂತೆ ಎಂದು ಅಲ್ಲಿನವರು ಹೇಳುತ್ತಾರೆ, ನನಗೆ ತಲೆಕೆಳಗಾಗಿ ಹಿಡಿದ ಬುಗುರಿಯಂತೆ ಕಂಡಿತು. ಬಣ್ಣವೋ ಪರಿಪಕ್ವ. ಅಣ್ಣ ಸೋಫಾದ ಮೇಲೆ ಕಾಲು ಚಾಚಿ ಕುಳಿತು ನೋಡುತ್ತಿದ್ದ. ಹೇಳಬಹುದಾಗಿತ್ತು, ಹೇಳಲಿಲ್ಲ. ನಾನು ಒಂದನ್ನು ತೊಳೆದು ಕಚ್ಚಿದೆ.

ಒಗರು ಎಂಬ ಮೂರಕ್ಷರ ಆ ಕ್ಷಣಕ್ಕೆ ಸಾಲದು. ನಾಲಿಗೆಯ ಮೇಲೆ ಯಾರೋ ಸುಣ್ಣ ಬಳಿದು, ಅದು ಒಣಗಿ, ಅದರ ಮೇಲೆ ಉಣ್ಣೆಯ ಬಟ್ಟೆ ಹಾಸಿದಂತಾಯಿತು. ತುಟಿ ಒಳಕ್ಕೆ ಸೇದಿಕೊಂಡಿತು. ಮಾತನಾಡಹೋದರೆ ಮಹಾಪ್ರಾಣಗಳೆಲ್ಲ ಅಲ್ಪಪ್ರಾಣಗಳಾದವು. ಅಣ್ಣ ನಗುವುದಕ್ಕೆ ಮೊದಲು ಮಾಡಿದ. ಹೊಟ್ಟೆ ಹಿಡಿದುಕೊಂಡು, ಆಪರೇಷನ್ನಾದ ಕಾಲನ್ನೂ ಮರೆತು ನಕ್ಕ. ನಗುತ್ತಲೇ, 'ತೂಬರೆ' ಎಂದ.

ಒಂದೇ ಪದ. ನಾನು ಮಧುಗಿರಿಯ ಆಚೆ, ತಾತನ ಊರಿನ ಗುಡ್ಡದ ಬುಡದಲ್ಲಿದ್ದೆ. ನನಗೆ ಏಳು ವರ್ಷ, ಅವನಿಗೆ ಹದಿನಾರು. ಬೇಸಗೆಯ ರಜೆ. ಬೀಡಿ ಕಟ್ಟುವ ಎಲೆಯ ಮರವನ್ನು ಆ ಕಡೆಯವರು ತೂಬರೆ ಎನ್ನುತ್ತಿದ್ದರು. ಹಳದಿ ಹಣ್ಣು, ಬಲಿತ ನಿಂಬೆಯಷ್ಟು. ಹಣ್ಣಾದರೆ ಸೊಗಸು. 'ಇದು ತಿನ್ನು, ಬೆಲ್ಲದ ಹಾಗಿರುತ್ತೆ' ಎಂದು ಅಣ್ಣ ನನ್ನ ಬಾಯಿಗಿಟ್ಟದ್ದು ದೋರೆಗಾಯಿ. ನಾನು ಊರು ಕೇಳುವಂತೆ ಅತ್ತೆ. ತಾತ ಅವನನ್ನು ಕಂಬಕ್ಕೆ ಕಟ್ಟಿಹಾಕುತ್ತೇನೆಂದು ಗದರಿಸಿದರು. ಆಮೇಲೆ ಅವನು ಎರಡು ದಿನ ಬಿಸಿಲಿನಲ್ಲಿ ಅಲೆದು, ಒಂದು ಟವೆಲಿನ ತುಂಬ ಪಕ್ವವಾದ ಹಣ್ಣು ತಂದುಕೊಟ್ಟ. ಇದನ್ನು ನಾನು ಮರೆತು ಮೂವತ್ತು ವರ್ಷವಾಗಿತ್ತು. ಆ ರಾತ್ರಿ ಪುಸ್ತಕ ನೋಡಿದಾಗ ಗೊತ್ತಾಯಿತು, ನಾಲಿಗೆ ಸುಳ್ಳು ಹೇಳಿರಲಿಲ್ಲ: ತೂಬರೆಯೂ ಪರ್ಸಿಮನ್ನೂ ಒಂದೇ ಕುಲ, ಡಯೋಸ್ಪೈರೋಸ್. ನಮ್ಮ ಕರಿಮರವೂ ಅದೇ ಮನೆತನದ್ದು. ಸಸ್ಯಶಾಸ್ತ್ರಜ್ಞರು ಹೂವನ್ನು ಬಿಡಿಸಿ ಕಂಡುಕೊಂಡ ದಾಯಾದಿತನವನ್ನು ಅಣ್ಣ ನನ್ನ ಮುಖವನ್ನು ನೋಡಿ ಹೇಳಿಬಿಟ್ಟಿದ್ದ.

ಉಳಿದ ಹನ್ನೊಂದನ್ನು ಅತ್ತಿಗೆ ಎಸೆಯಲಿಲ್ಲ. ಇದು 'ಹಚಿಯಾ' ಎಂಬ ಜಾತಿ, ಗಟ್ಟಿಯಿದ್ದಾಗ ಮುಟ್ಟಕೂಡದು. ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿಟ್ಟರೆ ಬೇಗ ಮಾಗುತ್ತದೆ ಎಂದರು. ನಾನು ನಮ್ಮ ಅಮ್ಮ ಮಾವಿನಕಾಯಿಗೆ ಮಾಡುತ್ತಿದ್ದಂತೆ ಅಕ್ಕಿಯ ಡಬ್ಬದಲ್ಲಿ ಹುಗಿದೆ. ದಿನವೂ ಒತ್ತಿ ನೋಡುವುದು. ಎರಡೂವರೆ ವಾರವಾದ ಮೇಲೆ ಒಂದು ನೀರು ತುಂಬಿದ ಬಲೂನಿನಂತೆ ಮೆತ್ತಗಾಯಿತು. ಸಿಪ್ಪೆ ಸೀಳಿ ಚಮಚದಲ್ಲಿ ತಿಂದೆ. ಹಲ್ವಕ್ಕೆ ಜೇನು ಕದಡಿದಂತಿತ್ತು. ಅದೇ ಮರದ, ಅದೇ ಬುಟ್ಟಿಯ ಹಣ್ಣೆಂದು ನಂಬುವುದು ಕಷ್ಟವಾಯಿತು.

'ಆ ಒಗರೆಲ್ಲ ಎಲ್ಲಿ ಹೋಯ್ತು?' ಎಂದೆ.

'ಎಲ್ಲೂ ಹೋಗಿಲ್ಲ' ಎಂದ ಅಣ್ಣ. ಕಾಲು ನೋವಿನವರಿಗೆ ಓದಲು ಬೇಕಾದಷ್ಟು ಹೊತ್ತು. 'ಅದು ಟ್ಯಾನಿನ್ನು. ಕಾಯಲ್ಲಿ ಕರಗೋ ಹಾಗಿರುತ್ತೆ, ನಮ್ಮ ಜೊಲ್ಲಿಗೆ ಅಂಟಿಕೊಳ್ಳುತ್ತೆ. ಹಣ್ಣಾದಾಗ ಒಂದಕ್ಕೊಂದು ಸೇರಿ ಗಂಟು ಕಟ್ಟಿಕೊಂಡುಬಿಡುತ್ತೆ, ಕರಗಲ್ಲ. ಈಗ ನೀನು ತಿಂತಿದ್ದೀಯಲ್ಲ, ಅದರಲ್ಲೂ ಇದೆ. ನಾಲಿಗೆಗೆ ಸಿಕ್ಕೋದಿಲ್ಲ, ಅಷ್ಟೆ.'

ನಾನು ಚಮಚ ಕೆಳಗಿಟ್ಟು ಸುಮ್ಮನಾದೆ.

ಈಗ ಅಳುಕಿನ ಕಾರಣ ಹೇಳಬೇಕು. ತುಮಕೂರಿನಲ್ಲಿ ಅಪ್ಪ ಕಟ್ಟಿಸಿದ ಮನೆಯೊಂದಿತ್ತು. ಹಿತ್ತಲಲ್ಲಿ ಹಲಸಿನ ಮರ. ಅಣ್ಣ ಹುಟ್ಟಿದ ವರ್ಷ ಅಪ್ಪ ಬೀಜ ಊರಿದ್ದೆಂದು ಅಮ್ಮ ಹೇಳುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಮನೆಗೆ ಬೀಗ ಬಿತ್ತು. ನಾನು ಮೈಸೂರಿನಲ್ಲಿ, ಅವನು ಅಲ್ಲಿ. 2017ರಲ್ಲಿ ನಾನು ಅವನಿಗೆ ಬರೆದೆ: ಅಡಿಗೆಮನೆಯ ಗೋಡೆ ಬಿದ್ದಿದೆ, ಮಾಡು ಸೋರುತ್ತಿದೆ, ಮಾರಿಬಿಡುವುದು ಲೇಸು. ಗೋಡೆ ಬಿದ್ದದ್ದು ನಿಜ. ಮೈಸೂರಿನ ನನ್ನ ಮನೆಯ ಸಾಲದ ಕಂತು ಕತ್ತಿಗೆ ಬಂದಿತ್ತೆಂಬುದನ್ನು ಬರೆಯಲಿಲ್ಲ. ರಿಪೇರಿಗೆ ಹಣ ಕೇಳಿದ್ದರೆ ಕಳಿಸುತ್ತಿದ್ದ, ನಾನು ಕೇಳಲಿಲ್ಲ. ಉಳಿಸೋಣವೆಂದು ಅವನು ಹೇಳಿದ್ದರೆ ನಿಲ್ಲುತ್ತಿದ್ದೆ, ಅವನು ಹೇಳಲಿಲ್ಲ. ಒಂದು ವಾರದೊಳಗೆ ಅಧಿಕಾರಪತ್ರ ಬಂತು, ಸಹಿ ಹಾಕಿ, ಮೊಹರು ಒತ್ತಿಸಿ. ಜೊತೆಗೆ ಒಂದು ಸಾಲು: 'ನಿನಗೆ ಸರಿ ತೋರಿದಂತೆ ಮಾಡು.' ಮಾಡಿದೆ. ಅವನ ಪಾಲಿನ ಹಣವನ್ನು ಅವನ ಹೆಸರಿನಲ್ಲಿ ಬ್ಯಾಂಕಿಗೆ ಹಾಕಿದೆ. ಅವನು ಅದನ್ನು ಮುಟ್ಟಲಿಲ್ಲ. ಆ ವಿಚಾರ ಎತ್ತಲೂ ಇಲ್ಲ. ಐದು ವರ್ಷ ನಾವು ಫೋನಿನಲ್ಲಿ ಮಾತನಾಡಿದ್ದು ಮಳೆ, ಬಿಸಿಲು, ರಕ್ತದೊತ್ತಡ.

ಡಿಸೆಂಬರು ಹೊತ್ತಿಗೆ ಅಣ್ಣನಿಗೆ ಹಿತ್ತಲಲ್ಲಿ ಒಂದು ಪರ್ಸಿಮನ್ ಗಿಡ ನೆಡುವ ಹಟ ಹಿಡಿಯಿತು. ಇಲ್ಲಿ ಎರಡು ಪಕ್ಷಗಳಾದವು. ಅತ್ತಿಗೆಯೂ, ಫೋನಿನಲ್ಲಿ ಮಗಳೂ 'ಫುಯು' ಜಾತಿಯ ಪರ. ಅದು ಟೊಮೇಟೊವಿನಂತೆ ಚಪ್ಪಟೆ, ಗಟ್ಟಿಯಿದ್ದಾಗಲೇ ಸೇಬಿನಂತೆ ಕಡಿದು ತಿನ್ನಬಹುದು, ಕಾಯುವ ಕೆಲಸವಿಲ್ಲ. ಬುದ್ಧಿಯಿದ್ದವರು ಯಾರಾದರೂ ಅದನ್ನೇ ನೆಡುತ್ತಾರೆ. ಅಣ್ಣ ಹೂಂ ಹೂಂ ಎನ್ನುತ್ತ ಹಚಿಯಾ ಗಿಡಕ್ಕೆ ಹಣ ಕಟ್ಟಿಬಿಟ್ಟಿದ್ದ. ಏಕೆಂದು ಅತ್ತಿಗೆ ರೇಗಿದರು. 'ಮುಂದೆ ರಿಟೈರಾದ ಮೇಲೆ ಕಾಯೋದಕ್ಕೆ ಏನಾದರೂ ಬೇಡವೇ?' ಎಂದ.

ಪಕ್ಕದ ಮನೆಯ ಅಜ್ಜಿ ಅವನ ಪಕ್ಷ. ಎಂಬತ್ತೈದು ವರ್ಷದ ಆಕೆಯ ಪರಿಚಯ ನನಗೆ ಆದದ್ದು ಒಣಹಣ್ಣಿನ ನೆಪದಿಂದ. ಗಟ್ಟಿ ಹಣ್ಣಿನ ಸಿಪ್ಪೆ ಹೆರೆದು, ತೊಟ್ಟಿಗೆ ದಾರ ಕಟ್ಟಿ, ಕಿಟಕಿಯ ಬಳಿ ಸಾಲಾಗಿ ತೂಗುಹಾಕಿದ್ದರು. ಒಂದು ವಾರವಾದ ಮೇಲೆ ದಿನಕ್ಕೊಮ್ಮೆ ಒಂದೊಂದನ್ನೂ ಬೆರಳಿನಲ್ಲಿ ಮೆಲ್ಲಗೆ ನೀವಬೇಕು. ಎಣ್ಣೆ ನೀರೆರೆಯುವ ದಿನ ಮಗುವಿನ ಕಾಲನ್ನು ನೀವುವಂತೆ. ಐದಾರು ವಾರಕ್ಕೆ ಮೈಮೇಲೆ ವಿಭೂತಿ ಬಳಿದಂತೆ ಬಿಳುಪು ಕೂರುತ್ತದೆ. ಅದು ಹಣ್ಣಿನದೇ ಸಕ್ಕರೆ. ಅಜ್ಜಿ ಹುಟ್ಟಿದ್ದು ಆ ಕಣಿವೆಯಲ್ಲೇ. ಈಗ ಕಂಪ್ಯೂಟರಿನ ಕಂಪನಿಗಳಿಂದ ತುಂಬಿಹೋಗಿರುವ ಆ ನೆಲ ಆಗ ಏಪ್ರಿಕಾಟು, ಪ್ಲಮ್ಮುಗಳ ತೋಪು. 1942ರಲ್ಲಿ, ಜಪಾನಿನೊಡನೆ ಯುದ್ಧ ಹತ್ತಿದಾಗ, ಜಪಾನೀ ಮೂಲದ ಸುಮಾರು 1,20,000 ಜನರನ್ನು ಸರ್ಕಾರ ಮನೆ ಬಿಡಿಸಿ ದೂರದ ಶಿಬಿರಗಳಿಗೆ ಅಟ್ಟಿತು. ಅವರಲ್ಲಿ ಹೆಚ್ಚಿನವರು ಆ ದೇಶದಲ್ಲೇ ಹುಟ್ಟಿದ ಪ್ರಜೆಗಳು. ಆಗ ಐದು ವರ್ಷದ ಮಗುವಾಗಿದ್ದ ಈಕೆ ಹೋದದ್ದು ವಯೋಮಿಂಗಿನ ಹಾರ್ಟ್ ಮೌಂಟನ್ ಶಿಬಿರಕ್ಕೆ. ಮರಳಿ ಬಂದಾಗ ಗುತ್ತಿಗೆಯ ತೋಟ ಬೇರೆಯವರ ಪಾಲಾಗಿತ್ತು. ಹತ್ತು ವರ್ಷ ಬೇರೆಯವರ ತೋಟಗಳಲ್ಲಿ ದುಡಿದು ಆಕೆಯ ತಂದೆ ಈ ನಿವೇಶನ ಕೊಂಡರಂತೆ. ಮನೆಗೆ ಪಾಯ ತೋಡುವುದಕ್ಕೆ ಮೊದಲೇ ಮೂಲೆಯಲ್ಲಿ ಈ ಮರ ನೆಟ್ಟರಂತೆ. ಇಷ್ಟನ್ನೂ ಆಕೆ ಹಣ್ಣು ನೀವುತ್ತ, ಪಕ್ಕದ ಬೀದಿಯ ಸುದ್ದಿ ಹೇಳುವಂತೆ ಹೇಳಿದರು.

ಗಿಡ ಬಂದಿತು, ಜೊತೆಗೆ ಮಳೆಯೂ ಬಂದಿತು. ವರ್ಷಗಟ್ಟಲೆ ಬರವನ್ನು ಕಂಡಿದ್ದ ಕ್ಯಾಲಿಫೋರ್ನಿಯದಲ್ಲಿ ಆ ಡಿಸೆಂಬರಿನ ಕೊನೆಯ ವಾರ ಹಿಡಿದ ಮಳೆ 2023ರ ಜನವರಿಯ ಮಧ್ಯದವರೆಗೆ ಬಿರುಗಾಳಿಯ ಮೇಲೆ ಬಿರುಗಾಳಿಯಾಗಿ ಸುರಿಯಿತು. ಅಲ್ಲಿಯ ಪದ್ಧತಿಯೆಂದರೆ ಚಳಿಗಾಲದಲ್ಲಿ, ಗಿಡ ಎಲೆ ಉದುರಿಸಿ ನಿದ್ದೆಯಲ್ಲಿರುವಾಗ, ಬೇರಿನ ಮಣ್ಣನ್ನೆಲ್ಲ ಕೊಡವಿ ಬರಿಬೇರಿನಲ್ಲಿಯೇ ಮಾರುತ್ತಾರೆ. ಒದ್ದೆ ಮರದಪುಡಿಯಲ್ಲಿ ಸುತ್ತಿದ ಕಟ್ಟನ್ನು ಬಿಚ್ಚಿ ನೋಡಿದರೆ ನನಗೆ ಎದೆ ಧಸಕ್ಕೆಂದಿತು. ಬೇರು ಇದ್ದಲಿನಂತೆ ಕಪ್ಪು. ಕವಲುಗಳು ಕಡಮೆ, ತಾಯಿಬೇರೊಂದು ಸುಟ್ಟ ಹಗ್ಗದಂತೆ ಇಳಿದಿದೆ.

'ಅಣ್ಣ, ಇದು ಸತ್ತಿದೆ. ವಾಪಸು ಕಳಿಸು.'

'ಅದರ ಬಣ್ಣವೇ ಅದು. ಕರಿಮರದ ನೆಂಟ ಅಂತ ನೀನೇ ತಾನೆ ಹೇಳಿದ್ದು?'

ಜಿಗುಟು ಮಣ್ಣು ನೆನೆದಿರುವಾಗ ಅಗೆದರೆ ಗುಂಡಿಯ ಪಕ್ಕಗಳು ಮಡಕೆಯಂತೆ ಗಟ್ಟಿಯಾಗಿಬಿಡುತ್ತವೆ, ಬೇರು ಹೊರಗೆ ಹೋಗಲಾರದು. ಆದ್ದರಿಂದ ಗಿಡವನ್ನು ಮರದಪುಡಿಯ ಬಕೀಟಿನಲ್ಲಿಟ್ಟು ಕಾದೆವು. ನಾನು ಹೊರಡುವುದಕ್ಕೆ ಐದು ದಿನವಿದ್ದಾಗ ಮಣ್ಣು ಹದಕ್ಕೆ ಬಂದಿತು. ಅಣ್ಣ ಊರುಗೋಲು ಹಿಡಿದು ಕುರ್ಚಿಯಲ್ಲಿ. ಸೀಮೆಸುಣ್ಣಕ್ಕಿಂತ ಭಾರವಾದದ್ದನ್ನು ಎತ್ತಿ ಅಭ್ಯಾಸವಿಲ್ಲದ ನಾನು ಗುದ್ದಲಿ ಹಿಡಿದು ಗುಂಡಿಯಲ್ಲಿ. ಬೇಲಿಯ ಆಚೆ ಅಜ್ಜಿ. ಇಬ್ಬರು ಮೇಸ್ತ್ರಿಗಳು, ಒಬ್ಬ ಕೂಲಿ. ಗುಂಡಿ ಅಗಲವಿರಲಿ, ಬೇರು ಹಿಡಿಸುವಷ್ಟಕ್ಕಿಂತ ಆಳ ಬೇಡ. ಗಿಡ ಕುಸಿದು ಮುಳುಗುತ್ತದೆ. ಗೊಬ್ಬರ ಹಾಕಕೂಡದು, ತೋಡಿದ ಮಣ್ಣೇ ಸಾಕು. ಬೇರನ್ನು ಮುರಿಯಕೂಡದು, ಈ ಬೇರು ಪೆಡಸು. ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೆಯೇ ಇರಬೇಕು.

ನಾನು ಮೊಣಕಾಲೂರಿ ಗಿಡವನ್ನು ನೆಟ್ಟಗೆ ಹಿಡಿದಿದ್ದೆ. ಅಜ್ಜಿ ನೀರಿನ ಕೊಳವೆ ತರಲು ಒಳಕ್ಕೆ ಹೋದರು.

'ಹಲಸಿನ ಮರ ಕಡಿಯೋವಾಗ ನೀನು ಅಲ್ಲಿದ್ದೆಯಾ?' ಎಂದು ಅಣ್ಣ ಕೇಳಿದ.

ಮನೆ ಕೊಂಡವರು ಮರ ಕಡಿಸಿದರೆಂದು ನಾನು ಅವನಿಗೆ ಹೇಳಿರಲಿಲ್ಲ. ಯಾರು ಹೇಳಿದರೋ, ಅವನೇ ಊಹಿಸಿದನೋ.

'ಇದ್ದೆ' ಎಂದೆ.

'ಎಷ್ಟು ಹೊತ್ತಾಯಿತು?'

'ಎರಡು ದಿನ.'

ಅವನು ಗಿಡವನ್ನು ನೋಡುತ್ತಿದ್ದ. 'ಕಾಯಿತ್ತಾ?'

'ಇತ್ತು. ಎಳೆಯದು. ಬೀದಿಯವರು ಪಲ್ಯಕ್ಕೆ ತೆಗೆದುಕೊಂಡು ಹೋದರು.' ಸ್ವಲ್ಪ ತಡೆದು, 'ಅಣ್ಣ, ಗೋಡೆಯೊಂದೇ ಕಾರಣವಾಗಿರಲಿಲ್ಲ' ಎಂದೆ.

'ಗೊತ್ತು' ಎಂದ. 'ನಾನೂ ಬೇಡ ಅಂತ ಬರೆಯಬಹುದಾಗಿತ್ತು. ಬರೆದು, ಅಳಿಸಿದೆ.' ಆಮೇಲೆ ಊರುಗೋಲಿನ ತುದಿಯಿಂದ ತೋರಿಸಿ, 'ಆ ಕಡೆ ವಾಲಿದೆ. ನೆಟ್ಟಗೆ ಹಿಡಿ. ಮಣ್ಣು ಹಾಕು' ಎಂದ.

ಹಾಕಿದೆ. ನೀರು ಬಿಟ್ಟೆವು. ಮುಗಿಯಿತೆಂದು ಕೈ ತೊಳೆಯಹೋದರೆ ಅಜ್ಜಿ ನನ್ನ ಕೈಗೆ ಕತ್ತರಿ ಕೊಟ್ಟರು: ನೆಲದಿಂದ ಮೂವತ್ತು ಅಂಗುಲ ಬಿಟ್ಟು ಮೇಲಿನದೆಲ್ಲ ಕತ್ತರಿಸಬೇಕು. ಬೇರು ಕಳೆದುಕೊಂಡ ಗಿಡಕ್ಕೆ ಅಷ್ಟು ಉದ್ದ ಸಾಕಲು ಶಕ್ತಿಯಿಲ್ಲ. ಕೊಂಬೆಯೂ ಕೆಳಗಿನಿಂದ ಒಡೆಯಬೇಕು. ಆಳೆತ್ತರದ ಗಿಡ ನನ್ನ ಕಣ್ಣೆದುರಿಗೇ ಊರುಗೋಲಾಯಿತು. ಅದಕ್ಕೆ ಬಿಸಿಲು ಬಡಿಯದಿರಲೆಂದು ನೀರು ಬೆರೆಸಿದ ಬಿಳಿಯ ಬಣ್ಣ ಬಳಿದೆವು. ಹಿತ್ತಲಲ್ಲಿ ಅದು ಮೈಲಿಗಲ್ಲಿನಂತೆ ನಿಂತಿತ್ತು. 'ಮೊದಲ ವರ್ಷ ಇದು ಬದುಕಿದೆಯೋ ಎಂದು ಯಾರೂ ಉಗುರಿನಲ್ಲಿ ಕೆರೆದು ನೋಡಬಾರದು' ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದರು. ಐದನೆಯ ದಿನ ನಾನು ವಿಮಾನ ಹತ್ತಿದೆ.

ಏಪ್ರಿಲಿನಲ್ಲಿ ಅಲ್ಲಿಯ ಗಿಡಗಳೆಲ್ಲ ಚಿಗುರಿದವು, ಇದು ಚಿಗುರಲಿಲ್ಲ. ಅಣ್ಣ ಪ್ರತಿ ಭಾನುವಾರ ಚಿತ್ರ ತೆಗೆದು ಕಳಿಸುತ್ತಿದ್ದ: ಬಿಳಿಯ ಕೋಲು, ಬಿಳಿಯ ಕೋಲು, ಬಿಳಿಯ ಕೋಲು. ಅತ್ತಿಗೆ ಕಿತ್ತು ಫುಯು ಹಾಕಿಸುವುದಾಗಿ ಹೆದರಿಸಿದರು. ಮೇ ಮಧ್ಯದಲ್ಲಿ ಒಂದು ಚಿತ್ರ ಬಂದಿತು. ಬಣ್ಣವನ್ನು ಒಡೆದುಕೊಂಡು ಎರಡು ಹಸುರು ಕಣ್ಣು. ಅಂದು ನಾನು ತರಗತಿಗೆ ಹತ್ತು ನಿಮಿಷ ತಡವಾಗಿ ಹೋದೆ. 2024ರಲ್ಲಿ ನಾಲ್ಕೈದು ಹೂವಾಗಿ ಹೀಚು ಕಚ್ಚಿ, ಜುಲೈ ಹೊತ್ತಿಗೆ ಎಲ್ಲ ಉದುರಿದವು. ಎಳೆಯ ಮರದ ಸ್ವಭಾವವೇ ಹಾಗಂತೆ. ಆ ಭಾನುವಾರಗಳ ಮಾತು ಗಿಡದಿಂದ ಹೊರಟು ತಾತನ ಊರಿಗೆ, ಅಮ್ಮನ ಹಲಸಿನ ಹಪ್ಪಳಕ್ಕೆ ಹೋಗುವುದುಂಟು. ತುಮಕೂರಿನ ಮನೆಯ ಬಾಗಿಲವರೆಗೆ ಹೋಗಿ ಹಿಂತಿರುಗುವುದೂ ಉಂಟು. ಬ್ಯಾಂಕಿನ ಹಣ ಬ್ಯಾಂಕಿನಲ್ಲೇ ಇದೆ.

2025ರ ನವೆಂಬರಿನ ಒಂದು ಬೆಳಗ್ಗೆ, ನಮ್ಮ ಹೊತ್ತು ಆರು ಗಂಟೆಗೆ, ಫೋನು ಬಂದಿತು. ಭಾನುವಾರವಲ್ಲ, ನಾನು ಗಾಬರಿಯಿಂದ ಎತ್ತಿದೆ.

'ಮೇಷ್ಟ್ರೇ, ಹನ್ನೊಂದು ಕಾಯಿ ಕಚ್ಚಿತ್ತು ಅಂದಿದ್ದೆನಲ್ಲ, ಮೂರು ನಿಂತಿತ್ತು.'

'ಈಗ?'

'ಒಂದು ಅಳಿಲು ತಿಂತು. ಒಂದು ಅಜ್ಜಿಗೆ ಕೊಟ್ಟೆ. ಇನ್ನೊಂದು ಅಕ್ಕಿ ಡಬ್ಬದಲ್ಲಿದೆ.'

'ಒತ್ತಿ ನೋಡಿದೆಯಾ?'

'ಈಗ ತಾನೆ ನೋಡಿದೆ' ಎಂದ ಅಣ್ಣ. 'ಇನ್ನೂ ಗಟ್ಟಿ. ನೀನು ರಜ ಹಾಕೋದಾದರೆ ಮುಂದಿನ ವರ್ಷಕ್ಕೆ ಈಗಲೇ ಹೇಳಿಡು.'